ಕತ್ತೆಯ ಬೆನ್ನಿನ ಹುಣ್ಣು: ಮಾಲೀಕರ ಜೊತೆ ಮಾತು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯಲ್ಲಿ ಶಿಕ್ಷಕಿ. ಊರಾಚೆ ಇಟ್ಟಿಗೆ ಭಟ್ಟಿ ಇದೆ. ಅಲ್ಲಿ ಏಳೆಂಟು ಕುಟುಂಬಗಳು ಕತ್ತೆ ಇಟ್ಟುಕೊಂಡು ಇಟ್ಟಿಗೆ ಹೊರಿಸುತ್ತವೆ. ಹೆಚ್ಚುಕಡಿಮೆ ಎಲ್ಲ ಕತ್ತೆಗಳ ಬೆನ್ನಲ್ಲೂ ಹುಣ್ಣು. ಒಂದೊಂದರ ಮೇಲೆ ಮೂವತ್ತು ಇಟ್ಟಿಗೆ ಹೇರುತ್ತಾರೆ. ಕೆಲಸ ಮುಗಿದ ಮೇಲೆ ಮುಂಗಾಲಿಗೆ ನೈಲಾನ್ ಹಗ್ಗ ಬಿಗಿದು ಬಿಡುತ್ತಾರೆ. ದುಡಿಯುವಾಗ ನೀರು ಕೊಡುವುದಿಲ್ಲ. ಕೇಳಿದರೆ ಹೊಟ್ಟೆನೋವು ಬರುತ್ತದೆ ಎನ್ನುತ್ತಾರೆ. ಒಂದು ಬೂದು ಬಣ್ಣದ ಹೆಣ್ಣು ಕತ್ತೆಯ ಗಾಯದಲ್ಲಿ ಹುಳ ಬಿದ್ದಿದೆ, ಅದಕ್ಕೆ ಸುಟ್ಟ ಇಂಜಿನ್ ಆಯಿಲ್ ಸುರಿದಿದ್ದಾರೆ. ನೋಡಲಾಗದೆ ಜಗಳ ಮಾಡಿದೆ. "ಕತ್ತೆ ಬಗ್ಗೆ ನಿಮಗೇನು ಗೊತ್ತು ಅಕ್ಕೋರೆ?" ಎಂದು ಒಬ್ಬರು ಕೇಳಿದರು. ಪೊಲೀಸರಿಗೆ ದೂರು ಕೊಡಲೇ? ಚಿಕಿತ್ಸಾ ಶಿಬಿರ ಮಾಡಿಸಲೇ? ದುಡ್ಡು ಒಟ್ಟು ಮಾಡಿ ಒಂದೆರಡು ಕತ್ತೆಗಳನ್ನು ಬಿಡಿಸಲೇ? ತಿಳಿವಳಿಕೆ ಕೊಟ್ಟರೆ ಇಂಥವರು ಬದಲಾಗುತ್ತಾರಾ?

ಉತ್ತರ: ಅಕ್ಕೋರೆ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕತ್ತೆಯ ನೋವು ನೋಡಿ ಸುಮ್ಮನಿರಲಾಗದೆ ಬರೆದಿದ್ದೀರಿ. ಅದರ ಜೊತೆಗೆ ಆ ಮನುಷ್ಯರ ಬಗ್ಗೆ ನಿಮ್ಮ ಮನಸ್ಸು ಕಹಿಯಾಗಿದೆ. ಎರಡೂ ಸಹಜ. ನೀವು ಕೇಳಿರುವುದು ನಾಲ್ಕು ಪ್ರಶ್ನೆ. ಅವುಗಳ ಅಡಿಯಲ್ಲಿರುವುದು ಒಂದೇ: ಇವರು ಕಟುಕರಾ, ಇಲ್ಲ ತಿಳಿಯದೆ ಮಾಡುತ್ತಿದ್ದಾರಾ?

ಪಶುವೈದ್ಯನಾಗಿ ನಾನು ಭಟ್ಟಿಗಳಲ್ಲಿ, ನದಿ ದಂಡೆಯ ಮರಳಿನಲ್ಲಿ, ಮಡಿವಾಳರ ಓಣಿಗಳಲ್ಲಿ ತುಂಬಾ ವರ್ಷ ಓಡಾಡಿದ್ದೇನೆ. ಬೇಕೆಂದೇ ಹಿಂಸೆ ಕೊಡುವವರು ಅಲ್ಲೊಬ್ಬ ಇಲ್ಲೊಬ್ಬ ಸಿಕ್ಕಿದ್ದಾರೆ. ಉಳಿದವರು ಹಾಗಲ್ಲ. ಕತ್ತೆ ಸತ್ತರೆ ಅವರ ಮನೆಯಲ್ಲಿ ಅನ್ನ ನಿಲ್ಲುತ್ತದೆ. ಅವರಿಗೆ ಕತ್ತೆ ಬೇಕು. ಆದರೆ ಅದರ ನೋವು ಅವರ ಕಣ್ಣಿಗೆ ಬೀಳುವುದಿಲ್ಲ. ಅದರಲ್ಲಿ ಕತ್ತೆಯ ಪಾಲೂ ಇದೆ, ಏಕೆಂದರೆ ಅದು ನೋವನ್ನು ಮುಚ್ಚಿಡುವ ಪ್ರಾಣಿ.

ಕತ್ತೆಯ ಮೂಲ ಆಫ್ರಿಕಾದ ಒಣನಾಡಿನ ಕಾಡುಕತ್ತೆ. ಮೇವು ಕಡಿಮೆ ಇರುವ ಆ ನೆಲದಲ್ಲಿ ಅವು ದೊಡ್ಡ ಹಿಂಡಾಗಿ ಬದುಕಲಿಲ್ಲ. ಕುಂಟಿದ್ದು, ನರಳಿದ್ದು ಕಂಡರೆ ಬೇಟೆಯಾಡುವ ಪ್ರಾಣಿ ಅದನ್ನೇ ಹಿಡಿಯುತ್ತಿತ್ತು. ಆ ಗುಣ ಇವತ್ತಿಗೂ ಉಳಿದಿದೆ. ಹೊಟ್ಟೆನೋವು ಬಂದ ಕುದುರೆ ನೆಲಕ್ಕೆ ಬಿದ್ದು ಹೊರಳುತ್ತದೆ. ಅದೇ ನೋವು ಬಂದ ಕತ್ತೆ ತಲೆ ತಗ್ಗಿಸಿ ಒಂದು ಮೂಲೆಯಲ್ಲಿ ನಿಲ್ಲುತ್ತದೆ, ಅಷ್ಟೇ. ಮೇವು ಮೂಸಿ ಬಿಡುತ್ತದೆ. ಕೆಲವು ಸಲ ತಿನ್ನುವಂತೆ ಬಾಯಿ ಆಡಿಸುತ್ತದೆ, ಆದರೆ ನುಂಗುವುದಿಲ್ಲ. ಮಾಲೀಕ ಇವತ್ತು ಸೋಮಾರಿ ಆಗಿದೆ ಎಂದುಕೊಳ್ಳುತ್ತಾನೆ. ನಾನು ಓದುವಾಗ ನಮಗೂ ದನ, ಎಮ್ಮೆ, ಕುರಿ ಬಗ್ಗೆಯೇ ಜಾಸ್ತಿ ಪಾಠ ಇತ್ತು. ಮಂಕಾಗಿ ನಿಂತ ಕತ್ತೆ ಎಂದರೆ ತುರ್ತು ಕೇಸು ಎಂದು ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ.

ಮೊಂಡುತನವೂ ಹೀಗೆಯೇ. ಹೆದರಿದ ಕುದುರೆ ಓಡುತ್ತದೆ. ಹೆದರಿದ ಕತ್ತೆ ನಿಂತುಬಿಡುತ್ತದೆ. ಅದು ಯೋಚಿಸುತ್ತಿದೆ. ಬೆನ್ನ ಮೇಲೆ ಹುಣ್ಣಿದ್ದು ಹೊರೆ ಬಿದ್ದಾಗ ನಿಂತರೆ, ನೋವಾಗುತ್ತಿದೆ ಎಂದು ಅದು ಹೇಳುವ ರೀತಿಯೇ ಅದು. ಮಳೆ ಬಾರದ ವರ್ಷ ಕತ್ತೆಗೆ ಅರಿಸಿನ ಹಚ್ಚಿ ಮದುವೆ ಮಾಡಿಸುವ ಊರು ನಮ್ಮದು. ಮಿಕ್ಕ ದಿನ ಅದರ ಹೆಸರೇ ಬೈಗುಳ. ಆ ಬೈಗುಳ ಕೇಳುತ್ತಲೇ ಬೆಳೆದವರು ಅದು ನಿಂತಾಗ ಕೋಲು ಎತ್ತುತ್ತಾರೆ. ನಾವು ಎಲ್ಲರೂ ಹಾಗೇ ಬೆಳೆದವರು, ಅಲ್ವಾ?

ಈಗ ಹುಣ್ಣಿಗೆ ಬರುತ್ತೇನೆ. ನಿಮ್ಮ ಪತ್ರದ ಮುಖ್ಯ ವಿಷಯ ಅದೇ.

ದುಡಿಯುವ ಕತ್ತೆಗೆ ಹುಣ್ಣು ಇದ್ದೇ ಇರುತ್ತದೆ ಎಂದು ಮಾಲೀಕರು ನಂಬುತ್ತಾರೆ. ಅದು ನಿಜವಲ್ಲ. ಹುಣ್ಣು ಆಗುವುದು ತಡಿಯಿಂದ, ಅಂದರೆ ಹೊರೆಯ ಕೆಳಗೆ ಹಾಕುವ ಮೆತ್ತೆಯಿಂದ. ಒಮ್ಮೆ ತಡಿ ತೆಗೆಸಿ, ತಿರುವಿ ನೋಡಿ. ಸಾಮಾನ್ಯವಾಗಿ ಮಡಚಿದ ಗೋಣಿಚೀಲ ಇರುತ್ತದೆ. ಅದರ ಹೊಲಿಗೆ, ಗಂಟು ಎಲ್ಲ ಒಳಮೈಗೆ. ಬೆವರು, ಮಣ್ಣು, ಇಟ್ಟಿಗೆ ಪುಡಿ ಸೇರಿ ಗಟ್ಟಿಯಾಗಿ ಉಪ್ಪುಕಾಗದದ ಹಾಗೆ ಆಗಿರುತ್ತದೆ. ಮೆತ್ತೆ ನೇರವಾಗಿ ಬೆನ್ನುಮೂಳೆಯ ಮೇಲೆ ಕೂರುತ್ತದೆ. ಕತ್ತೆಯ ಬೆನ್ನುಮೂಳೆ ಎದ್ದು ನಿಂತಿರುತ್ತದೆ, ಅದರ ಮೇಲೆ ಮಾಂಸ ಕಡಿಮೆ. ಮೂಳೆಗೂ ಹೊರೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯುವುದಿಲ್ಲ. ಅಲ್ಲಿ ಚರ್ಮ ಸಾಯುತ್ತದೆ. ನೀವು ಕಂಡ ಹುಣ್ಣು ಹೀಗೆ ಆದದ್ದು. ಎಷ್ಟೇ ಮುಲಾಮು ಹಚ್ಚಿ, ಮರುದಿನ ಅದೇ ತಡಿ ಏರಿದರೆ ಅದು ವಾಸಿಯಾಗುವುದಿಲ್ಲ.

ಸರಿಯಾದ ತಡಿಗೆ ಬೇಕಾದ ಸಾಮಾನು ಅವರ ಹತ್ತಿರವೇ ಇದೆ. ಎರಡು ಉದ್ದನೆಯ ದಿಂಬು ಹೊಲಿಯಬೇಕು. ಒಳಗೆ ಒಣ ಹುಲ್ಲು ಬಿಗಿಯಾಗಿ ತುಂಬಬೇಕು. ಬೆನ್ನುಮೂಳೆಯ ಎರಡೂ ಪಕ್ಕ ಒಂದೊಂದು ದಿಂಬು, ನಡುವೆ ಕಾಲುವೆಯ ಹಾಗೆ ಜಾಗ. ಆ ಕಾಲುವೆಯಲ್ಲಿ ಕೈ ಆಡಬೇಕು, ಹೊರೆ ಏರಿದ ಮೇಲೂ ಆಡಬೇಕು. ಮೈಗೆ ತಾಗುವ ಕಡೆ ಹಳೆಯ ಹತ್ತಿ ಸೀರೆ ಅಥವಾ ಪಂಚೆ. ಹೊಲಿಗೆ ಹೊರಗೆ. ಸಂಜೆ ಬಿಸಿಲಿಗೆ ಹಾಕಿ, ಬೆಳಿಗ್ಗೆ ಕೊಡವಿ, ಕತ್ತೆಯ ಬೆನ್ನನ್ನೂ ಕೈಯಿಂದ ಒರೆಸಿ ಹಾಕಬೇಕು. ಬಾಲದ ಕೆಳಗೆ ಹಾದುಬರುವ ಹಗ್ಗಕ್ಕೂ ಬಟ್ಟೆ ಸುತ್ತಬೇಕು. ಅಲ್ಲಿನ ಗಾಯ ಯಾರಿಗೂ ಕಾಣುವುದಿಲ್ಲ, ಆದರೆ ಹೆಜ್ಜೆ ಹೆಜ್ಜೆಗೂ ಉರಿಯುತ್ತದೆ.

ಹೊರೆಯ ಲೆಕ್ಕ. 1965ರ ಕೇಂದ್ರ ನಿಯಮದ ಪ್ರಕಾರ ಕತ್ತೆಯ ಬೆನ್ನ ಮೇಲೆ 50 ಕೆ.ಜಿ.ಗಿಂತ ಜಾಸ್ತಿ ಹೇರುವ ಹಾಗಿಲ್ಲ. ಒಂದು ಇಟ್ಟಿಗೆ ಸುಮಾರು 3 ಕೆ.ಜಿ. ಎಂದರೆ 50 ಕೆ.ಜಿ.ಗೆ 16 ಇಟ್ಟಿಗೆ. ನೀವು ಹೇಳಿದ ಮೂವತ್ತು ಇಟ್ಟಿಗೆ 90 ಕೆ.ಜಿ. ಆಯಿತು. ನಮ್ಮ ಕಡೆಯ ಕತ್ತೆ ಚಿಕ್ಕದು, ಅದರ ತೂಕವೇ ನೂರು ಕೆ.ಜಿ. ಆಸುಪಾಸು. ಹಸಿ ಇಟ್ಟಿಗೆಯಾದರೆ ನೀರಿನ ಭಾರ ಬೇರೆ. ಅದೇ ನಿಯಮ ದಿನಕ್ಕೆ 9 ಗಂಟೆ ಮೀರಿ, ಬಿಡುವಿಲ್ಲದೆ ಒಟ್ಟಿಗೆ 5 ಗಂಟೆ ಮೀರಿ ದುಡಿಸಬಾರದು ಎನ್ನುತ್ತದೆ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸ ಇಲ್ಲ. ನಿಮ್ಮ ಜಿಲ್ಲೆಯ ಏಪ್ರಿಲ್ ತಿಂಗಳಿಗೆ ಇದು ಹೇಳಿ ಬರೆಸಿದ ಹಾಗಿದೆ.

ಆದರೆ ಮೂವತ್ತು ಇಟ್ಟಿಗೆ ಏಕೆ ಹೇರುತ್ತಾರೆ? ಕೂಲಿ ಇಟ್ಟಿಗೆಯ ಲೆಕ್ಕದಲ್ಲಿ. ಭಟ್ಟಿ ಶುರುವಾಗುವ ಮೊದಲೇ ಮುಂಗಡ ತಗೊಂಡಿರುತ್ತಾರೆ. ಮಳೆ ಬೀಳುವ ಮೊದಲು ಅದನ್ನು ತೀರಿಸಬೇಕು. ಅದಕ್ಕೇ ಒಂದು ಸುತ್ತು ಕಡಿಮೆಯಾದರೆ ಸಾಕು ಎಂದು ಜಾಸ್ತಿ ಹೇರುತ್ತಾರೆ. ಇದನ್ನು ತಿಳಿಯದೆ "ಕಡಿಮೆ ಹೇರಿ" ಎಂದರೆ ಆ ಕುಟುಂಬಕ್ಕೆ ಅದು "ಕಡಿಮೆ ಉಣ್ಣಿ" ಎಂದು ಕೇಳಿಸುತ್ತದೆ. ಹೊರೆಯ ಮಾತು ಭಟ್ಟಿ ಮಾಲೀಕರ ಜೊತೆಗೂ ಆಗಬೇಕು. ನೆರಳು, ನೀರಿನ ತೊಟ್ಟಿ, ದಾರಿಯಲ್ಲಿನ ಹೊಂಡ ಮುಚ್ಚುವುದು ಅವರ ಪಾಲಿನ ಕೆಲಸ. ದಾರಿ ಸಮವಾದರೆ ಸುತ್ತು ಬೇಗ ಮುಗಿಯುತ್ತದೆ, ಇಟ್ಟಿಗೆ ಒಡೆಯುವುದೂ ಕಡಿಮೆ. ಅದು ಅವರಿಗೂ ಲಾಭವೇ.

ನೀರಿನ ವಿಷಯದಲ್ಲಿ ಮಾಲೀಕರ ನಂಬಿಕೆ ಪೂರ್ತಿ ತಲೆಕೆಳಗು. ಬಿಸಿ ಮೈಗೆ ನೀರು ಕುಡಿಸಿದರೆ ಹೊಟ್ಟೆನೋವು ಎನ್ನುತ್ತಾರೆ. ನಾನು ನೋಡಿದ ಹೊಟ್ಟೆನೋವುಗಳಲ್ಲಿ ಎಷ್ಟೋ ಬಂದದ್ದು ನೀರಿಲ್ಲದೆ. ಒಣ ಮೇವು ಕರುಳಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಕತ್ತೆ ಬಾಯಾರಿಕೆ ತಡೆಯುತ್ತದೆ, ನಿಜ. ಆದರೆ ನೀರು ಕಡಿಮೆಯಾದಂತೆ ಮೇವು ಬಿಡುತ್ತದೆ. ಮೇವು ಬಿಟ್ಟ ಕತ್ತೆಗೆ ಇನ್ನೊಂದು ಅಪಾಯ ಇದೆ. ಮೈಯಲ್ಲಿ ಕೂಡಿಟ್ಟ ಕೊಬ್ಬು ಕರಗಿ ರಕ್ತಕ್ಕೆ ನುಗ್ಗುತ್ತದೆ, ಯಕೃತ್ತು ಸೋಲುತ್ತದೆ. ಒಂದೆರಡು ದಿನ ಉಪವಾಸ ಬಿದ್ದ ಕತ್ತೆ ಈ ಕಾರಣಕ್ಕೆ ಸಾಯಬಹುದು. ಕೆಲಸದ ನಡುವೆ ಶುದ್ಧ ನೀರು ಕೊಡಲಿ. ಶುದ್ಧ ಎಂದು ಒತ್ತಿ ಹೇಳುತ್ತೇನೆ, ಕತ್ತೆ ಕೊಳಕು ನೀರು ಮುಟ್ಟುವುದಿಲ್ಲ. ತೊಟ್ಟಿಯಲ್ಲಿ ಪಾಚಿ ಕಟ್ಟಿದ್ದರೆ "ಕೊಟ್ಟರೂ ಕುಡಿಯಲ್ಲ ಸಾರ್" ಎನ್ನುತ್ತಾರೆ.

ಮೇವಿಗೆ ಜೋಳದ ಕಣಿಕೆ, ಒಣ ಹುಲ್ಲು, ಶೇಂಗಾ ಹೊಟ್ಟು ಒಳ್ಳೆಯದು. ಮದುವೆ ಮನೆಯ ಉಳಿದ ಅನ್ನ ರಾಶಿ ಸುರಿಯುವುದು ಬೇಡ. ತಿಪ್ಪೆಗೆ ಬಿಟ್ಟರೆ ಪ್ಲಾಸ್ಟಿಕ್ ಹೊಟ್ಟೆಗೆ ಹೋಗುತ್ತದೆ.

ಇನ್ನು ಕೆಲವು ಕಡೆ ಮೂಗಿನ ಹೊಳ್ಳೆ ಸೀಳುತ್ತಾರೆ, ಉಸಿರು ಜಾಸ್ತಿ ಬರುತ್ತದೆ ಎಂದು. ಬರುವುದಿಲ್ಲ. ಕತ್ತೆ ಮೂಗಿನಿಂದ ಮಾತ್ರ ಉಸಿರಾಡುವ ಪ್ರಾಣಿ, ಅಲ್ಲಿ ಗಾಯ ಮಾಡುವುದು ಅನ್ಯಾಯ. ಏದುಸಿರು ಬರುತ್ತಿದೆ ಎಂದರೆ ಹೊರೆ ಅಥವಾ ಬಿಸಿಲು ಜಾಸ್ತಿಯಾಗಿದೆ. ಕುಂಟುವ ಕಾಲಿಗೆ ಬರೆ ಹಾಕುವುದೂ ಹಾಗೇ. ಮೂಲ ನೋವು ಉಳಿಯುತ್ತದೆ, ಸುಟ್ಟ ಗಾಯ ಸೇರುತ್ತದೆ. ಕುಂಟಿದರೆ ಮೊದಲು ಗೊರಸು ಎತ್ತಿ ನೋಡಬೇಕು. ಕಲ್ಲು ಸಿಕ್ಕಿರಬಹುದು, ಗೊರಸು ಬೆಳೆದು ಚಪ್ಪಲಿಯ ಹಾಗೆ ಮುಂದೆ ಬಂದಿರಬಹುದು. ಕತ್ತೆಯ ಚರ್ಮ ಮಳೆ ತಡೆಯುತ್ತದೆ ಎಂಬುದೂ ತಪ್ಪು. ಅದರ ಕೂದಲಲ್ಲಿ ನೀರು ಜಾರಿಸುವ ಜಿಡ್ಡು ಕಡಿಮೆ, ನೆನೆದರೆ ಒಳಗಿನವರೆಗೂ ನೆನೆಯುತ್ತದೆ. ಮೇಲೊಂದು ತಗಡು ಬೇಕು.

ಮುಂಗಾಲು ಕಟ್ಟುವುದಕ್ಕೆ ಕಾರಣ ಇದೆ. ಬಿಟ್ಟರೆ ಯಾರದೋ ಹೊಲಕ್ಕೆ ನುಗ್ಗುತ್ತದೆ, ಜಗಳ ಆಗುತ್ತದೆ. ಕಳವಿನ ಭಯವೂ ಇದೆ. ಹಾಗಾಗಿ ಕಟ್ಟಲೇಬೇಡಿ ಎಂದರೆ ಯಾರೂ ಕೇಳುವುದಿಲ್ಲ. ಎಲ್ಲರೂ ಸೇರಿ ಮುಳ್ಳುಬೇಲಿಯ ಒಂದು ದೊಡ್ಡಿ ಮಾಡಿದರೆ ಎಲ್ಲಕ್ಕಿಂತ ಒಳ್ಳೆಯದು. ಅಲ್ಲಿಯವರೆಗೆ ನೈಲಾನ್ ಬದಲು ನಾಲ್ಕು ಬೆರಳು ಅಗಲದ ಹತ್ತಿ ಪಟ್ಟಿ ಇರಲಿ.

ಇಷ್ಟೆಲ್ಲ ನಿಮಗೆ ಹೇಳಿದೆ. ಇದನ್ನೇ ನೀವು ಹೋಗಿ ಅವರಿಗೆ ಹೇಳಿದರೆ ಏನೂ ಆಗುವುದಿಲ್ಲ. ಇದನ್ನು ನಾನು ಪೆಟ್ಟು ತಿಂದು ಕಲಿತಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಭಟ್ಟಿಯಲ್ಲಿ ಶಿಬಿರ ಮಾಡಿದೆವು. ಗಾಯ ತೊಳೆದೆವು, ಸೂಜಿ ಹಾಕಿದೆವು, ಮುಲಾಮು ಹಂಚಿದೆವು, ಅರ್ಧ ಗಂಟೆ ಭಾಷಣವನ್ನೂ ಮಾಡಿದೆ. ಎಲ್ಲರೂ ತಲೆ ಆಡಿಸಿದರು. ತಿಂಗಳು ಬಿಟ್ಟು ಹೋದರೆ ಅದೇ ಕತ್ತೆ, ಅದೇ ಜಾಗ, ಅದೇ ಹುಣ್ಣು. ಒಬ್ಬ ಅಜ್ಜಿ ನನ್ನ ಕೈಗೆ ಅವರ ತಡಿ ಕೊಟ್ಟು, "ಇದು ಹೆಂಗಿರಬೇಕು ಅಂತ ನೀವು ಹೇಳಲೇ ಇಲ್ಲ" ಎಂದರು. ಅವತ್ತು ನಾನು ತಡಿಯನ್ನು ಮೊದಲ ಸಲ ಕೈಯಲ್ಲಿ ಹಿಡಿದು ನೋಡಿದೆ.

ಅದಕ್ಕೆ ನಿಮ್ಮ ನಾಲ್ಕು ದಾರಿಗಳ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ.

ಪೊಲೀಸ್ ದೂರು: 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ನಿಮ್ಮ ಪರವಾಗಿದೆ. ಆದರೆ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಅದಕ್ಕೆ ಯಾರೂ ಬದಲಾಗುವುದಿಲ್ಲ. ಹೆದರಿದ ಮಾಲೀಕರು ಗಾಯಗೊಂಡ ಕತ್ತೆಗಳನ್ನು ಅಡಗಿಸುತ್ತಾರೆ, ಇಲ್ಲ ರಾತ್ರೋರಾತ್ರಿ ಮಾರುತ್ತಾರೆ. ದುಡಿಯಲಾಗದ ಕತ್ತೆ ಎಲ್ಲಿಗೆ ಹೋಗುತ್ತದೆ ಎಂಬುದು ಸುಖದ ವಿಷಯವಲ್ಲ. ಪಕ್ಕದ ಆಂಧ್ರದ ಕೆಲವು ಜಿಲ್ಲೆಗಳಲ್ಲಿ ಕದ್ದುಮುಚ್ಚಿ ಕತ್ತೆ ಮಾಂಸ ಮಾರುತ್ತಾರೆ. ಕತ್ತೆ ನಮ್ಮ ದೇಶದ ಕಾನೂನಿನಲ್ಲಿ ಆಹಾರದ ಪ್ರಾಣಿಯೇ ಅಲ್ಲ. 2012ರಲ್ಲಿ ದೇಶದಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು. 2019ರ ಗಣತಿಗೆ 1.2 ಲಕ್ಷಕ್ಕೆ ಇಳಿದವು. ದೂರನ್ನು ಕೊನೆಗೆ ಇಟ್ಟುಕೊಳ್ಳಿ. ಆದರೆ ಯಾರಾದರೂ ಮೊಳೆ ಕೋಲಿನಿಂದ ತಿವಿಯುತ್ತಿದ್ದರೆ, ಎದ್ದೇಳಲಾಗದ ಕತ್ತೆಗೆ ಹೊಡೆಯುತ್ತಿದ್ದರೆ ಕಾಯಬೇಡಿ, ಅವತ್ತೇ ಕೊಡಿ.

ಕೊಂಡು ಬಿಡಿಸುವುದು: ಮನಸ್ಸಿಗೆ ಸಮಾಧಾನ ಸಿಗುತ್ತದೆ. ಆದರೆ ನಿಮ್ಮ ದುಡ್ಡಿನಿಂದ ಅವರು ಇನ್ನೊಂದು ಕತ್ತೆ ತರುತ್ತಾರೆ, ಅದೇ ತಡಿ ಅದರ ಬೆನ್ನಿಗೆ ಏರುತ್ತದೆ. ಚೆನ್ನಾಗಿ ನೋಡಿಕೊಂಡ ಕತ್ತೆ 25 ವರ್ಷ ದಾಟಿ ಬದುಕುತ್ತದೆ. ಅಷ್ಟು ಕಾಲ ಅದಕ್ಕೆ ಜಾಗ, ಮೇವು, ಜೊತೆಗಾರ ಬೇಕು. ಇನ್ನು ದುಡಿಯಲೇ ಆಗದ ಒಂದೆರಡಕ್ಕೆ ಮಾತ್ರ ಇದು ಸರಿ.

ಶಿಬಿರ ಬೇಕು, ಆದರೆ ಅದೊಂದೇ ಸಾಲದು. ನಿಮ್ಮ ಪಶು ಆಸ್ಪತ್ರೆಯ ವೈದ್ಯರಿಗೆ ಧನುರ್ವಾಯು ಲಸಿಕೆಯ ವಿಷಯ ಖಂಡಿತ ಕೇಳಿ. ಕುದುರೆ, ಕತ್ತೆ ಜಾತಿಗೆ ಆ ರೋಗ ಬೇಗ ತಗಲುತ್ತದೆ, ಬೆನ್ನ ತುಂಬಾ ತೆರೆದ ಗಾಯ ಇರುವ ಕಡೆ ಅಪಾಯ ಇನ್ನೂ ಹೆಚ್ಚು. ಮೂಗಿನಿಂದ ಕೀವು ಸೋರುವ, ಚರ್ಮದ ಮೇಲೆ ಗಂಟು ಒಡೆದ ಕತ್ತೆ ಇದ್ದರೆ ನೀವೂ ಮುಟ್ಟಬೇಡಿ, ಮಕ್ಕಳನ್ನೂ ಬಿಡಬೇಡಿ, ತಕ್ಷಣ ವೈದ್ಯರಿಗೆ ಹೇಳಿ. ಅದು ಗ್ಲ್ಯಾಂಡರ್ಸ್ ಆಗಿರಬಹುದು, ಮನುಷ್ಯರಿಗೂ ಬರುತ್ತದೆ.

ಉಳಿದದ್ದು ತಿಳಿವಳಿಕೆ. ಉತ್ತರ ಪ್ರದೇಶದ ಭಟ್ಟಿಗಳಲ್ಲಿ ಬ್ರೂಕ್ ಇಂಡಿಯಾ ಸಂಸ್ಥೆಯವರು ಮಾಲೀಕರ ಗುಂಪು ಕಟ್ಟಿ ಮಾಡಿದ ಕೆಲಸ ನನಗೆ ತುಂಬಾ ಹಿಡಿಸಿತು. ಅವರು ಉಪದೇಶ ಮಾಡುವುದಿಲ್ಲ. ನೆಲದ ಮೇಲೆ ಕತ್ತೆಯ ಚಿತ್ರ ಬರೆಸುತ್ತಾರೆ. "ನೀನೇ ಈ ಕತ್ತೆಯಾಗಿದ್ದರೆ ಮಾಲೀಕನಿಂದ ಏನು ಬೇಕು ಅಂತಿದ್ದೆ?" ಎಂದು ಕೇಳುತ್ತಾರೆ. ನೀರು, ನೆರಳು, ಹೊಡೆಯಬಾರದು, ಒಳ್ಳೆಯ ತಡಿ ಎಂದು ಮಾಲೀಕರೇ ಒಂದೊಂದಾಗಿ ಹೇಳುತ್ತಾರೆ. ಆಮೇಲೆ ಒಬ್ಬರ ಕತ್ತೆಯನ್ನು ಇನ್ನೊಬ್ಬರು ತಲೆಯಿಂದ ಬಾಲದವರೆಗೆ ನೋಡಿ, ಏನು ಸರಿ ಏನು ತಪ್ಪು ಎಂದು ಗುರುತು ಹಾಕುತ್ತಾರೆ. ಹೊರಗಿನವರು ಹೇಳಿದಾಗ ಬರುವ ಸಿಟ್ಟು ಅಲ್ಲಿ ಬರುವುದಿಲ್ಲ.

ನೀವೂ ಹೀಗೆ ಶುರು ಮಾಡಬಹುದು. ಮೊದಲು, "ನಿಮಗೇನು ಗೊತ್ತು" ಎಂದು ನಿಮ್ಮನ್ನು ಕೇಳಿದವರ ಹತ್ತಿರ ಹೋಗಿ. "ಕತ್ತೆ ಬಗ್ಗೆ ನನಗೆ ಗೊತ್ತಿಲ್ಲ, ನೀವು ಹೇಳಿಕೊಡಿ" ಎಂದು ಮನಸಾರೆ ಕೇಳಿ. ಅವರ ಗುಂಪಿನಲ್ಲಿ ಯಾರ ಕತ್ತೆಗೆ ಹುಣ್ಣು ಕಡಿಮೆ ಎಂದು ಕೇಳಿ. ಒಬ್ಬರಾದರೂ ಇರುತ್ತಾರೆ. ಅವರ ತಡಿ ಎಲ್ಲರಿಗೂ ತೋರಿಸಲಿ. ಆಮೇಲೆ ಹೆಂಗಸರ ಜೊತೆ ಕೂತು ಹಳೆ ಬಟ್ಟೆಯಿಂದ ಮೂರೇ ಮೂರು ಹೊಸ ತಡಿ ಹೊಲಿಸಿ. ಮೂರು ಕತ್ತೆಗೆ ಮೂರು ವಾರ. ಹೊರೆ ಎಷ್ಟು ಎಂದು ಒಮ್ಮೆ ರೇಷನ್ ಅಂಗಡಿಯ ತಕ್ಕಡಿಯಲ್ಲಿ ಅವರೇ ತೂಗಿ ನೋಡಲಿ. ಅಂಕಿ ಕಣ್ಣಿಗೆ ಬಿದ್ದಾಗ ಮಾತು ಬೇರೆಯಾಗುತ್ತದೆ. ಗಾಯದಿಂದ ಕತ್ತೆ ಮಲಗಿದ ದಿನಗಳಲ್ಲಿ ಎಷ್ಟು ಕೂಲಿ ಹೋಯಿತು ಎಂಬ ಲೆಕ್ಕವನ್ನು ನಿಮ್ಮ ಶಾಲೆಗೆ ಬರುವ ಅವರ ಮಕ್ಕಳೇ ಬರೆಯಬಹುದು.

ಇದರಲ್ಲೂ ತೊಂದರೆ ಇದೆ. ನಿಧಾನ. ಭಟ್ಟಿ ಮುಗಿದರೆ ಕುಟುಂಬಗಳು ಚದುರುತ್ತವೆ, ಮುಂದಿನ ವರ್ಷ ಬೇರೆಯವರು ಬರಬಹುದು. ಕೂಲಿ ದರ ಬದಲಾಗದಿದ್ದರೆ ಹೊರೆ ಒಂದು ಮಟ್ಟಕ್ಕಿಂತ ಇಳಿಯುವುದಿಲ್ಲ. ಮೂವತ್ತು ಇಟ್ಟಿಗೆ ಮೊದಲ ವರ್ಷ ಇಪ್ಪತ್ತೆರಡಕ್ಕೆ ಬಂದರೆ ನಾನು ಅದನ್ನು ಸೋಲು ಎನ್ನುವುದಿಲ್ಲ. ಹದಿನಾರರ ಮಾತು ಬಿಡಬೇಡಿ.

ಕೊನೆಗೆ ಆ ಬೂದು ಹೆಣ್ಣು ಕತ್ತೆ. ಅದು ಇದಕ್ಕೆಲ್ಲ ಕಾಯುವ ಸ್ಥಿತಿಯಲ್ಲಿಲ್ಲ. ಇವತ್ತೇ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನ ಕೇಳಿ. ವೈದ್ಯರು ಬರುವವರೆಗೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಎರಡು ಚಿಕ್ಕ ಚಮಚ ಉಪ್ಪು ಹಾಕಿ ಗಾಯದ ಸುತ್ತ ತೊಳೆಯಿರಿ. ಇಂಜಿನ್ ಆಯಿಲ್, ಸೀಮೆಎಣ್ಣೆ, ಬ್ಯಾಟರಿ ನೀರು, ಸುಣ್ಣ ಯಾವುದೂ ಬೇಡ. ಅವು ಹುಳದ ಜೊತೆ ಬೆಳೆಯುತ್ತಿರುವ ಹೊಸ ಚರ್ಮವನ್ನೂ ಸುಡುತ್ತವೆ. ಹುಳ ತೆಗೆಯುವುದು ವೈದ್ಯರಿಗೆ ಬಿಡಿ. ಗಾಯ ಪೂರ್ತಿ ಮುಚ್ಚುವವರೆಗೆ ಬೆನ್ನ ಮೇಲೆ ಏನೂ ಏರಬಾರದು. ಅಷ್ಟು ದಿನದ ಕೂಲಿ ಹೋಗುತ್ತದೆ ಎಂದು ಮಾಲೀಕರು ಹೇಳುತ್ತಾರೆ. ಶಿಬಿರಕ್ಕೆಂದು, ಬಿಡಿಸಲೆಂದು ಒಟ್ಟು ಮಾಡಲು ಹೊರಟ ದುಡ್ಡಿನಲ್ಲಿ ಸ್ವಲ್ಪ ಆ ಕತ್ತೆಯ ಮೇವಿಗೆ ಕೊಡಿ. ಹೊಟ್ಟೆಯಲ್ಲಿ ಮರಿ ಇದೆಯೇ ಎಂದೂ ವೈದ್ಯರ ಹತ್ತಿರ ನೋಡಿಸಿ, ಕತ್ತೆ ಸುಮಾರು ಒಂದು ವರ್ಷ ಗಬ್ಬ ಹೊರುತ್ತದೆ, ಎಷ್ಟೋ ಸಲ ಮಾಲೀಕರಿಗೇ ತಿಳಿದಿರುವುದಿಲ್ಲ. ಚಿಕಿತ್ಸೆಗೆ ಬೇರೆ ಕಡೆ ಒಯ್ಯುವುದಾದರೆ ಅದರ ಪಕ್ಕ ಯಾವಾಗಲೂ ನಿಲ್ಲುವ ಕತ್ತೆ ಯಾವುದು ಎಂದು ಮಾಲೀಕರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಅದನ್ನೂ ಜೊತೆಗೆ ಕರೆದುಕೊಂಡು ಹೋಗಿ. ಒಂಟಿಯಾದರೆ ಅದು ಮೇವು ಬಿಡುತ್ತದೆ.